ಓದುತ್ತಲೇ ಕ್ಯಾಂಪಸ್ ಕೆಲಸ: ಆದೇಶ, ಗಂಟೆ ಲೆಕ್ಕ, ಬಿಲ್ಲು

ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರನ್ನೇ ಗ್ರಂಥಾಲಯ, ಪ್ರಯೋಗಾಲಯ, ಕಚೇರಿಗಳಿಗೆ ಅರೆಕಾಲಿಕ ಸಹಾಯಕರಾಗಿ ತೆಗೆದುಕೊಳ್ಳುವ ವಿಚಾರವಾಗಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ನಮ್ಮ ವಿಭಾಗದ ಗ್ರಂಥಾಲಯ ಮತ್ತು ಪ್ರಯೋಗಾಲಯಕ್ಕೆ ನಾಲ್ವರು ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬೇಕೆಂದಿದ್ದೇವೆ. ಹಿಂದೊಮ್ಮೆ ಹೀಗೇ ಮಾಡಿದಾಗ ಕೆಲಸ ಮುಗಿದರೂ ಹುಡುಗರಿಗೆ ಹಣ ಸಿಗಲಿಲ್ಲ. ಈ ಸಲ ಎಲ್ಲಿಂದ ಶುರು ಮಾಡಬೇಕು?
— ಅಧ್ಯಾಪಕರು, ಬಳ್ಳಾರಿ

ಮೊದಲು ಹಣ, ಆಮೇಲೆ ಹೆಸರು. ಹುಡುಗರನ್ನು ಕೆಲಸಕ್ಕೆ ಹಚ್ಚಿ, ಆಮೇಲೆ ಮಂಜೂರಾತಿಗೆ ಬರೆದರೆ ಬಿಲ್ಲು ನಿಲ್ಲುವುದು ಬಹುತೇಕ ಖಚಿತ. ಹಿಂದಿನ ದಿನಾಂಕಕ್ಕೆ ಮಂಜೂರಾತಿ ಕೊಡಲು ಹಣಕಾಸು ವಿಭಾಗ ಒಪ್ಪುವುದಿಲ್ಲ, ಒಪ್ಪಿದರೂ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬೀಳುತ್ತದೆ.

ವಿಭಾಗದ ಸಭೆಯಲ್ಲಿ ಠರಾವು ಮಾಡಿ: ಎಷ್ಟು ಜನ, ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಎಷ್ಟು ವಾರ. ಅದರ ಮೇಲೆ ಅಂದಾಜು ಹಾಕಿ. ನಾಲ್ವರು, ವಾರಕ್ಕೆ 10 ಗಂಟೆ, 16 ವಾರದ ಸೆಮಿಸ್ಟರ್ ಎಂದರೆ 640 ಗಂಟೆ. ಲೆಕ್ಕಕ್ಕಾಗಿ ಗಂಟೆಗೆ 100 ರೂಪಾಯಿ ಎಂದಿಟ್ಟುಕೊಂಡರೆ 64,000 ರೂಪಾಯಿ. ದರವನ್ನು ಮನಸ್ಸಿಗೆ ಬಂದಂತೆ ಇಡಬೇಡಿ. ಕಾರ್ಮಿಕ ಇಲಾಖೆ ಪ್ರಕಟಿಸುವ ಕನಿಷ್ಠ ಕೂಲಿಯ ದಿನದ ದರವನ್ನು 8ರಿಂದ ಭಾಗಿಸಿ, ಅದಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಕರ್ನಾಟಕದಲ್ಲಿ ಆ ಕೂಲಿಯ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ನಿಮ್ಮ ಸೆಮಿಸ್ಟರ್ ಏಪ್ರಿಲ್ ದಾಟುವುದಾದರೆ ಅಂದಾಜಿನಲ್ಲಿ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ.

ಅಂದಾಜು ಹಣಕಾಸು ಅಧಿಕಾರಿಗೆ ಹೋಗಿ, ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣವಿದೆ ಎಂಬ ಟಿಪ್ಪಣಿಯೊಂದಿಗೆ ಕುಲಸಚಿವರ ಬಳಿಗೆ ಬರಬೇಕು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ಬರುವ ವಿಶ್ವವಿದ್ಯಾಲಯಗಳಲ್ಲಿ ದಾರಿ ಇದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಬೇರೆಯೇ ಕಾಯ್ದೆ ಇದೆ, ಅಲ್ಲಿ ಅವರದೇ ನಿಯಮ ನೋಡಬೇಕು. ಮಂಜೂರಾತಿ ಕೈಗೆ ಬಂದ ಮೇಲೆ ಒಂದು ವಾರ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಹಾಕಿ ಅರ್ಜಿ ಕರೆಯಿರಿ. ಗೊತ್ತಿರುವ ನಾಲ್ವರನ್ನೇ ಕರೆದು ಕೂರಿಸಿದರೆ, ನಿಜವಾಗಿ ಹಣದ ಅಗತ್ಯವಿರುವ ಹಾಸ್ಟೆಲ್ ವಿದ್ಯಾರ್ಥಿಗೆ ಅವಕಾಶದ ಸುದ್ದಿಯೇ ತಲುಪುವುದಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲಿ ಓದುತ್ತಲೇ ಗಳಿಸುವ ಈ ಯೋಜನೆಯನ್ನು ಮುಖ್ಯವಾಗಿ ಆರ್ಥಿಕವಾಗಿ, ಸಾಮಾಜಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗೆಂದೇ ರೂಪಿಸಿದೆ. ಅದರಲ್ಲಿ ಹೇಳಿರುವ ಮಿತಿ ವಾರಕ್ಕೆ 20 ಗಂಟೆ, ತಿಂಗಳಿಗೆ 20 ದಿನ, ಹಣ ಗಂಟೆ ಲೆಕ್ಕದಲ್ಲಿ, ಕೆಲಸ ತರಗತಿಯ ವೇಳೆಯ ಹೊರಗೆ. ಇಪ್ಪತ್ತು ಗಂಟೆ ಎನ್ನುವುದು ಗರಿಷ್ಠ ಮಿತಿ. ಪ್ರಾಯೋಗಿಕ ತರಗತಿಗಳಿರುವ ಎಂ.ಎಸ್ಸಿ.ಯವರಿಗೆ 10ರಿಂದ 12 ಗಂಟೆ ಸಾಕು, ಅದಕ್ಕೂ ಮೇಲೆ ಹೋದರೆ ಶೇ 75ರ ಹಾಜರಾತಿಗೆ ಪೆಟ್ಟು ಬೀಳುತ್ತದೆ.

ಇನ್ನು ಆದೇಶ. ವಿದ್ಯಾರ್ಥಿಯ ಹೆಸರು, ನೋಂದಣಿ ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ದಿನಾಂಕ, ವಾರದ ಗಂಟೆ, ದರ, ಮೇಲ್ವಿಚಾರಕರು ಯಾರು, ಕೆಲಸ ಏನು, ಬಿಡಬೇಕಾದರೆ ಎರಡೂ ಕಡೆಯವರು ಎಷ್ಟು ದಿನ ಮೊದಲು ತಿಳಿಸಬೇಕು, ಇಷ್ಟೂ ಒಂದೇ ಪುಟದಲ್ಲಿ ಬರಬೇಕು. ಇದು ಮಂಜೂರಾದ ಹುದ್ದೆಯಲ್ಲ ಎಂಬ ಸಾಲೂ ಇರಲಿ. ‘ಆದೇಶ ಕೊಟ್ಟರೆ ನಾಳೆ ಕಾಯಂ ಮಾಡಿ ಎಂದು ಕೋರ್ಟಿಗೆ ಹೋಗುತ್ತಾರೆ’ ಎಂದು ಹೆದರಿ ಬಾಯಿಮಾತಿನಲ್ಲೇ ಕೆಲಸ ಮಾಡಿಸುವ ಕಚೇರಿಗಳಿವೆ. ಆ ಹೆದರಿಕೆಗೆ ಆಧಾರವಿಲ್ಲ. ಕರ್ನಾಟಕ ಸರ್ಕಾರವೇ ಕಕ್ಷಿದಾರನಾಗಿದ್ದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಹೇಳಿದ್ದು ಇದನ್ನೇ: ನಿಯಮಬದ್ಧ ನೇಮಕಾತಿ ಇಲ್ಲದೆ ತಾತ್ಕಾಲಿಕವಾಗಿ ಬಂದವರು ಅಷ್ಟರಿಂದಲೇ ಕಾಯಂ ಹಕ್ಕು ಕೇಳಲಾಗದು. ಮುಗಿಯುವ ದಿನಾಂಕ ಬರೆದ ಆದೇಶವೇ ಕಚೇರಿಗೆ ರಕ್ಷಣೆ. ಕೂಲಿ ಕೇಳಲು ವಿದ್ಯಾರ್ಥಿಯ ಕೈಯಲ್ಲಿರುವ ಮುಖ್ಯ ದಾಖಲೆಯೂ ಅದೇ. ಅದಿಲ್ಲದಿದ್ದರೆ ಇಬ್ಬರಿಗೂ ನಷ್ಟ, ಹೆಚ್ಚಿನ ನಷ್ಟ ಬಡ ವಿದ್ಯಾರ್ಥಿಗೆ.

ಇನ್ನೊಂದು ಎಚ್ಚರ. ಮಾರ್ಚ್ 31ಕ್ಕೆ ಆ ವರ್ಷದ ಅನುದಾನ ಮುಗಿಯುತ್ತದೆ. ಫೆಬ್ರುವರಿಯಿಂದ ಮೇವರೆಗಿನ ಕೆಲಸಕ್ಕೆ ಒಂದೇ ಬಿಲ್ಲು ಮಾಡಿದರೆ ಫೆಬ್ರುವರಿ, ಮಾರ್ಚ್ ಭಾಗ ಹಳೆಯ ವರ್ಷದ ಬಾಕಿಯಾಗಿ ತಿಂಗಳುಗಟ್ಟಲೆ ಕೂರುತ್ತದೆ. ಪ್ರತಿ ತಿಂಗಳ ಬಿಲ್ಲು ಮುಂದಿನ ತಿಂಗಳ 5ರೊಳಗೆ ಹೋಗಲಿ. ಮಾರ್ಚ್ ಬಿಲ್ಲನ್ನು ಮಾತ್ರ 20–25ನೇ ತಾರೀಖಿನ ಹೊತ್ತಿಗೇ ಕಳಿಸಿ, ಉಳಿದ ದಿನಗಳ ಕೆಲಸವನ್ನು ಏಪ್ರಿಲ್‌ಗೆ ಹೊಂದಿಸಿಕೊಳ್ಳಿ.

ಪ್ರಶ್ನೆ: ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕಕ್ಕೆ ಒಟ್ಟಿಗೆ ಸಹಿ ಮಾಡಿಸುತ್ತಾರೆ. ದಿನಕ್ಕೆ 2 ಗಂಟೆ ಎಂದು ಸಾಲಾಗಿ ಬರೆದುಬಿಡಿ ಎನ್ನುತ್ತಾರೆ. ಇದರಿಂದ ತೊಂದರೆ ಇದೆಯೇ?
— ಎಂ.ಎ. ವಿದ್ಯಾರ್ಥಿ, ಸಿಂಧನೂರು

ಇದೆ, ಮತ್ತು ಅದು ನಿಮ್ಮ ಮೇಲೆಯೇ ಬರುತ್ತದೆ. ಲೆಕ್ಕಪರಿಶೋಧಕರು ನಿಮ್ಮ ಕೆಲಸದ ಪುಸ್ತಕವನ್ನು ತರಗತಿಯ ಹಾಜರಿ, ರಜಾ ಪಟ್ಟಿ, ಪರೀಕ್ಷಾ ವೇಳಾಪಟ್ಟಿಗಳ ಪಕ್ಕ ಇಟ್ಟು ನೋಡುತ್ತಾರೆ. ಭಾನುವಾರವೋ ಯುಗಾದಿಯ ದಿನವೋ 2 ಗಂಟೆ ಕೆಲಸ ಮಾಡಿದಂತೆ ಬರೆದಿದ್ದರೆ, ಅಥವಾ ಬೆಳಿಗ್ಗೆ 11ಕ್ಕೆ ತರಗತಿಯಲ್ಲೂ ಗ್ರಂಥಾಲಯದಲ್ಲೂ ಇದ್ದಂತೆ ತೋರಿದರೆ, ಆ ಮೊತ್ತವನ್ನು ವಸೂಲಿ ಮಾಡಿ ಎಂದು ಬರೆಯುತ್ತಾರೆ. ಪ್ರತಿ ದಿನ ತಾರೀಖು, ಬಂದ ವೇಳೆ, ಹೋದ ವೇಳೆ, ಮಾಡಿದ ಕೆಲಸದ ಒಂದು ಸಾಲು (‘ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸಿದ್ದು, 60’), ನಿಮ್ಮ ಸಹಿ, ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ. ಇದರ ಫೋಟೊ ಪ್ರತಿ ಶನಿವಾರ ನಿಮ್ಮ ಮೊಬೈಲಿನಲ್ಲಿ ಉಳಿಯಲಿ. ಪುಸ್ತಕ ಕಳೆದುಹೋದರೆ ನಿಮ್ಮ ಹಣಕ್ಕೆ ಆ ಫೋಟೊಗಳೇ ಸಾಕ್ಷಿ. ಪರೀಕ್ಷೆಯ ತಿಂಗಳಲ್ಲಿ ಗಂಟೆ ಕಡಿಮೆಯಾದರೆ ಕಡಿಮೆಯೇ ಬರೆಯಿರಿ.

ಪ್ರಶ್ನೆ: ನನಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬರುತ್ತಿದೆ. ಕ್ಯಾಂಪಸ್ ಕೆಲಸ ಹಿಡಿದರೆ ಅದು ನಿಲ್ಲುತ್ತದೆಯೇ?
— ವಿದ್ಯಾರ್ಥಿನಿ, ಕುಷ್ಟಗಿ

ಕೆಲಸ ಹಿಡಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಆದರೆ ಮೂರು ಕಡೆ ಎಡವುವವರಿದ್ದಾರೆ.

ಒಂದು, ಆದೇಶದಲ್ಲಿನ ಪದ. ಕಚೇರಿಯವರು ನಿಮಗೆ ಕೊಡುವ ಹಣವನ್ನು ‘ವಿದ್ಯಾರ್ಥಿವೇತನ’ ಅಥವಾ ‘ಸ್ಟೈಪೆಂಡ್’ ಎಂದು ಬರೆದರೆ, ಎರಡು ವಿದ್ಯಾರ್ಥಿವೇತನ ಪಡೆಯುತ್ತಿರುವಂತೆ ಆಗುತ್ತದೆ. ಅದಕ್ಕೆ ಹೆಚ್ಚಿನ ಯೋಜನೆಗಳಲ್ಲಿ ಅವಕಾಶವಿಲ್ಲ. ‘ಗಂಟೆ ಲೆಕ್ಕದ ಸಂಭಾವನೆ’ ಎಂದು ಬರೆಸಿಕೊಳ್ಳಿ.

ಎರಡು, ಆದಾಯದ ಮಿತಿ. ಪರಿಶಿಷ್ಟ ಜಾತಿಯವರ ಕೇಂದ್ರ ಯೋಜನೆಯಲ್ಲಿ ವಾರ್ಷಿಕ ಮಿತಿ 2.5 ಲಕ್ಷ ರೂಪಾಯಿ. ದುಡಿಯುವ ವಿದ್ಯಾರ್ಥಿಯ ಗಳಿಕೆಯನ್ನೂ ಕುಟುಂಬದ ಆದಾಯಕ್ಕೆ ಸೇರಿಸಿ ನೋಡುವ ಷರತ್ತು ಇರುವ ಯೋಜನೆಗಳಿವೆ. ತಿಂಗಳಿಗೆ 40 ಗಂಟೆ, ಗಂಟೆಗೆ 100 ರೂಪಾಯಿಯಂತೆ 8 ತಿಂಗಳು ದುಡಿದರೆ 32,000. ಮನೆಯ ಆದಾಯ 1 ಲಕ್ಷದ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. 2.3 ಲಕ್ಷವಿದ್ದರೆ ಕೆಲಸ ಒಪ್ಪುವ ಮೊದಲೇ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ.

ಮೂರನೆಯದು ಬ್ಯಾಂಕ್ ಖಾತೆ, ಹೆಚ್ಚು ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಸಂಭಾವನೆಗಾಗಿ ಕ್ಯಾಂಪಸ್ಸಿನ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುತ್ತಾರೆ, ಅರ್ಜಿಯಲ್ಲಿ ಆಧಾರ್ ಜೋಡಣೆಗೆ ಟಿಕ್ ಹಾಕುತ್ತಾರೆ. ನೇರ ನಗದು ವರ್ಗಾವಣೆಗೆ ಆಧಾರಿನ ಜೊತೆ ಒಂದು ಬ್ಯಾಂಕ್ ಮಾತ್ರ ಜೋಡಣೆಯಾಗಿರುತ್ತದೆ, ಕೊನೆಗೆ ಜೋಡಿಸಿದ್ದೇ ಚಾಲ್ತಿಗೆ ಬರುತ್ತದೆ. ವಿದ್ಯಾರ್ಥಿವೇತನ ಸದ್ದಿಲ್ಲದೆ ಹೊಸ ಖಾತೆಗೆ ಹೋಗುತ್ತದೆ. ಆ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸ್ ಹೋಗುತ್ತದೆ. ವಿದ್ಯಾರ್ಥಿವೇತನ ಬರುವ ಖಾತೆಯ ಸಂಖ್ಯೆಯನ್ನೇ ಸಂಭಾವನೆಗೂ ಕೊಡಿ.

ಪ್ರಶ್ನೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆಯುತ್ತಿರುವ ಸಂಶೋಧನಾರ್ಥಿ ವಿಭಾಗದಲ್ಲಿ ಸಂಬಳದ ಸಹಾಯಕನಾಗಬಹುದೇ?
— ರಾಯಚೂರು

ಆಗುವಂತಿಲ್ಲ. ಫೆಲೋಶಿಪ್ ಅವಧಿಯಲ್ಲಿ ಬೇರೆ ಮೂಲದಿಂದ ಸಂಬಳ, ಸಂಭಾವನೆ ಪಡೆಯಬಾರದು ಎಂಬುದು ಅದರ ಷರತ್ತು. 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 37,000, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000 ರೂಪಾಯಿ. ನಾಲ್ಕೈದು ಸಾವಿರದ ಆಸೆಗೆ ಅದನ್ನು ಅಪಾಯಕ್ಕೆ ಒಡ್ಡಬೇಡಿ. ವಾರಕ್ಕೆ 4–6 ಗಂಟೆ ಟ್ಯುಟೋರಿಯಲ್ ಅಥವಾ ಪ್ರಯೋಗಾಲಯದ ಕೆಲಸವನ್ನು ಸಂಶೋಧನಾರ್ಥಿಗೆ ವಹಿಸಬಹುದು ಎಂದು 2022ರ ಪಿಎಚ್.ಡಿ. ನಿಯಮಾವಳಿ ಹೇಳುತ್ತದೆ. ಅದು ತರಬೇತಿಯ ಭಾಗ. ಅದನ್ನು ಮೀರಿ ವಾರಪೂರ್ತಿ ಪಾಠ ಹೇಳಿಸಿದರೆ ಆ ನಿಯಮದ ಪ್ರತಿ ಇಟ್ಟು ಲಿಖಿತವಾಗಿ ಕೇಳಿ.

ಪ್ರಶ್ನೆ: ಆಂತರಿಕ ಅಂಕಗಳನ್ನು ಕಂಪ್ಯೂಟರಿಗೆ ಏರಿಸಲು ಹೇಳಿದ್ದಾರೆ. ಕೆಲವೊಮ್ಮೆ ಮೇಲಿನವರ ಮನೆಗೆಲಸಕ್ಕೂ ಕಳಿಸುತ್ತಾರೆ. ಬೇಡ ಎನ್ನಬಹುದೇ?
— ಸಹಾಯಕ ವಿದ್ಯಾರ್ಥಿ, ಬಳ್ಳಾರಿ

ಅನ್ನಬಹುದು, ಅನ್ನಲೇಬೇಕು. ಪರೀಕ್ಷೆ ಮತ್ತು ಅಂಕಗಳು ಕುಲಸಚಿವರ ಮೌಲ್ಯಮಾಪನ ವಿಭಾಗಕ್ಕೆ ಸೇರಿದ್ದು. ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ಅಂಕಪಟ್ಟಿಗಳ ಹತ್ತಿರ ಓದುತ್ತಿರುವ ವಿದ್ಯಾರ್ಥಿ ಸುಳಿಯಬಾರದು. ನಾಳೆ ಒಂದು ಅಂಕ ಹೆಚ್ಚುಕಡಿಮೆಯಾದರೂ ಮೊದಲ ಅನುಮಾನ ನಿಮ್ಮ ಮೇಲೆ, ಯಾಕೆಂದರೆ ಲಾಗಿನ್ ಆದದ್ದು ನೀವು. ಅಧ್ಯಾಪಕರ ಪಾಸ್‌ವರ್ಡನ್ನು ಅವರೇ ಕೊಟ್ಟರೂ ಬಳಸಬೇಡಿ. ಶುಲ್ಕ ವಸೂಲಿ, ನಗದು, ಸ್ಟಾಕ್ ಪುಸ್ತಕದ ಜವಾಬ್ದಾರಿಯೂ ಬೇಡ. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಾಂದ್ರ ಆಮ್ಲ ತೆಳುಗೊಳಿಸುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು ಕಾಯಂ ಸಿಬ್ಬಂದಿ ಎದುರಿಗಿದ್ದಾಗ ಮಾತ್ರ. ಸಂಜೆ ಒಬ್ಬರೇ ಉಳಿದು ಮಾಡಬೇಡಿ.

ಮನೆಗೆಲಸದ ವಿಷಯದಲ್ಲಿ ಎದುರು ನಿಂತು ವಾದ ಮಾಡುವ ಅಗತ್ಯವಿಲ್ಲ. ‘ಸರ್, ಆದೇಶದಲ್ಲಿ ಗ್ರಂಥಾಲಯ ಕೆಲಸ ಎಂದಿದೆ, ಪುಸ್ತಕದಲ್ಲಿ ಈ ಗಂಟೆಯನ್ನು ಏನೆಂದು ಬರೆಯಲಿ?’ ಎಂದು ಕೇಳಿ. ಅದೂ ಕೆಲಸ ಮಾಡದಿದ್ದರೆ ವಿಭಾಗದ ಮುಖ್ಯಸ್ಥರಿಗೆ, ಆಮೇಲೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆಯಿರಿ.

ಪ್ರಶ್ನೆ: ಗ್ರಂಥಾಲಯದ ಸಂಜೆ ಪಾಳಿ 8ಕ್ಕೆ ಮುಗಿಯುತ್ತದೆ. ಹೆಣ್ಣುಮಕ್ಕಳು ಊರಿಗೆ ಹೋಗುವುದು ಕಷ್ಟ. ಬೇಸಿಗೆಯಲ್ಲಿ ಮಧ್ಯಾಹ್ನದ ಪಾಳಿಯೂ ಆಗದು.
— ಗಂಗಾವತಿಯ ಪೋಷಕರು

ಪಾಳಿಯನ್ನು ಬಸ್ಸಿನ ವೇಳೆ ನೋಡಿ ಹಾಕಬೇಕು. ಊರಿನಿಂದ ಓಡಾಡುವವರಿಗೆ ತರಗತಿಗೆ ಮೊದಲಿನ ಗಂಟೆ, ಹಾಸ್ಟೆಲ್ಲಿನವರಿಗೆ ಸಂಜೆಯ ಗಂಟೆ ಎಂದು ಹಂಚಿದರೆ ಸಮಸ್ಯೆ ಬಹುಪಾಲು ತೀರುತ್ತದೆ. ಅರ್ಜಿಯಲ್ಲೇ ‘ಕೊನೆಯ ಬಸ್ಸಿನ ವೇಳೆ’ ಎಂಬ ಕಾಲಂ ಇಡಲು ಕೇಳಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗಾಗಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತ ಬಂದಿದ್ದಾರೆ. ಸಿಬ್ಬಂದಿಗೆ ಬೇಕಾದ ನೆರಳು ವಿದ್ಯಾರ್ಥಿ ಸಹಾಯಕರಿಗೂ ಬೇಕು, ಆ ಎರಡು ತಿಂಗಳು ಅವರ ಪಾಳಿಯೂ ಬೆಳಿಗ್ಗೆಗೆ ಬರಲಿ.

ಇದರ ಜೊತೆ ಒಂದು ಮುಖ್ಯ ವಿಷಯ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ‘ಉದ್ಯೋಗಿ’ ಎಂದರೆ ತಾತ್ಕಾಲಿಕರು, ದಿನಗೂಲಿಯವರು, ಸಂಬಳವಿಲ್ಲದ ಸ್ವಯಂಸೇವಕರೂ ಸೇರುತ್ತಾರೆ. ವಿದ್ಯಾರ್ಥಿಗಳಿಗೆ ಯುಜಿಸಿಯ 2015ರ ನಿಯಮಾವಳಿಯ ರಕ್ಷಣೆಯೂ ಇದೆ. ದೂರನ್ನು ಘಟನೆಯಾದ 3 ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತವಾಗಿ ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆರೋಪ ಹೊತ್ತವರು ಆ ಅವಧಿಯಲ್ಲಿ ವಿದ್ಯಾರ್ಥಿನಿಯ ಕೆಲಸ ಅಥವಾ ಪರೀಕ್ಷೆಯ ಮೌಲ್ಯಮಾಪನ ಮಾಡದಂತೆ ತಡೆಯಲು ಅವಕಾಶವಿದೆ. ಮಗಳಿಗೆ ಇದು ಕೆಲಸಕ್ಕೆ ಸೇರುವ ದಿನವೇ ಗೊತ್ತಿರಲಿ.

ಪ್ರಶ್ನೆ: ವರ್ಷಕ್ಕೆ 24,000 ರೂಪಾಯಿ ಸಂಭಾವನೆಯಲ್ಲಿ ಶೇ 10 ತೆರಿಗೆ ಕಡಿದಿದ್ದಾರೆ. ಸರಿಯೇ?
— ಮಾನ್ವಿ

ಸರಿಯಲ್ಲ. ನಿಮ್ಮ ಬಿಲ್ಲನ್ನು ‘ವೃತ್ತಿಪರ ಶುಲ್ಕ’ಕ್ಕೆ ಸೇರಿಸಿದಂತಿದೆ. ಆ ಶೀರ್ಷಿಕೆಯಲ್ಲೂ 2025ರ ಏಪ್ರಿಲ್‌ನಿಂದ ವರ್ಷಕ್ಕೆ 50,000 ದಾಟಿದರೆ ಮಾತ್ರ ಕಡಿತ. ಸಂಬಳವೆಂದು ತೋರಿಸಿದರೂ ಇಷ್ಟು ಮೊತ್ತಕ್ಕೆ ತೆರಿಗೆಯಿಲ್ಲ. ಕಡಿದ ಹಣ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲಿನಲ್ಲಿ ನೋಡಿ, ಜುಲೈ 31ರೊಳಗೆ ರಿಟರ್ನ್ ಸಲ್ಲಿಸಿದರೆ 2,400 ರೂಪಾಯಿ ಮರಳಿ ಬರುತ್ತದೆ. ಪ್ಯಾನ್ ಕೊಡದಿದ್ದರೆ ಕಡಿತದ ದರ ಶೇ 20ಕ್ಕೆ ಏರುತ್ತದೆ. ಹಾಗಾಗಿ ಕೆಲಸಕ್ಕೆ ಸೇರುವಾಗಲೇ ಅದರ ಪ್ರತಿ ಕೊಡಿ.

ಪ್ರಶ್ನೆ: ಮಗ ಜರ್ಮನಿಗೆ ಎಂ.ಎಸ್. ಓದಲು ಹೊರಟಿದ್ದಾನೆ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಸಹಾಯಕನಾಗಿ ದುಡಿದರೆ ಖರ್ಚು ತೂಗಿಸಬಹುದೇ?
— ರಾಯಚೂರು

ಸ್ವಲ್ಪ ಭಾಗ ತೂಗಿಸಬಹುದು, ಪೂರ್ತಿ ಅಲ್ಲ. ಅಲ್ಲಿ ಇಂಥ ವಿದ್ಯಾರ್ಥಿ ಸಹಾಯಕರನ್ನು ‘ಹೀವಿ’ ಎನ್ನುತ್ತಾರೆ. ವಿದೇಶಿ ವಿದ್ಯಾರ್ಥಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅನುಮತಿಯಿದೆ. ವಿಶ್ವವಿದ್ಯಾಲಯದೊಳಗಿನ ಹೀವಿ ಕೆಲಸ ಈ ದಿನಗಳ ಲೆಕ್ಕಕ್ಕೆ ಬರುವುದಿಲ್ಲ, ಅದೇ ಅದರ ದೊಡ್ಡ ಅನುಕೂಲ. ಆದರೂ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮೀರಿದರೆ ವಿದ್ಯಾರ್ಥಿ ಎಂಬ ನೆಲೆಯಲ್ಲಿ ಸಿಗುವ ಸಾಮಾಜಿಕ ವಿಮೆಯ ವಿನಾಯಿತಿ ಹೋಗುತ್ತದೆ.

2026ರ ಜನವರಿಯಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ತಿಂಗಳಿಗೆ 40 ಗಂಟೆಗೆ 556 ಯೂರೊ ಆಗುತ್ತದೆ. ಗಳಿಕೆ 603 ಯೂರೊ ದಾಟಿದರೆ ಪಿಂಚಣಿ ವಿಮೆಯ ಕಡಿತದಿಂದ ವಿನಾಯಿತಿ ಕೇಳಲಾಗದು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ತೋರಿಸಬೇಕಾದದ್ದು ತಿಂಗಳಿಗೆ 992ರಂತೆ ವರ್ಷಕ್ಕೆ 11,904 ಯೂರೊ. ಹೀವಿ ಕೆಲಸ ಮೊದಲ ಸೆಮಿಸ್ಟರಿನಲ್ಲಿ ಸಿಗುವುದು ಕಷ್ಟ, ಪ್ರಾಧ್ಯಾಪಕರು ವಿದ್ಯಾರ್ಥಿಯ ಒಂದಾದರೂ ಪರೀಕ್ಷೆಯ ಫಲಿತಾಂಶ ನೋಡಲು ಬಯಸುತ್ತಾರೆ. ಆದ್ದರಿಂದ ಮೊದಲ ವರ್ಷದ ಹಣವನ್ನು ಪೂರ್ತಿ ಇಲ್ಲಿಂದಲೇ ಹೊಂದಿಸಿ ಕಳಿಸಿ, ಗಳಿಕೆಯನ್ನು ಎರಡನೆಯ ವರ್ಷದ ಲೆಕ್ಕಕ್ಕೆ ಇಟ್ಟುಕೊಳ್ಳಿ. ಆನ್‌ಲೈನ್ ಫ್ರೀಲಾನ್ಸ್ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಅಲ್ಲಿನ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು.