ಓದುಗರ ಪ್ರಶ್ನೆ: ಪವರ್ ಸ್ಟೀರಿಂಗ್ ಹೋಸ್ ಮಾಡಿಸುವ ಮುನ್ನ

ಪ್ರಶ್ನೆ: ಹಳೆಯ 35 ಎಚ್‌ಪಿ ಟ್ರ್ಯಾಕ್ಟರಿಗೆ ಪವರ್ ಸ್ಟೀರಿಂಗ್ ಕೂಡಿಸುತ್ತಿದ್ದೇವೆ. ಪಂಪು, ಸ್ಟೀರಿಂಗ್ ಯೂನಿಟ್, ಸಿಲಿಂಡರ್, ಆಯಿಲ್ ಟ್ಯಾಂಕ್ ತಂದಾಗಿದೆ. ಹುಬ್ಬಳ್ಳಿಯ ಹೋಸ್ ಅಂಗಡಿಯವರು ಯಾವ ಪೈಪು, ಯಾವ ಥ್ರೆಡ್, ಎಷ್ಟು ಉದ್ದ ಎಂದು ಕೇಳುತ್ತಾರೆ. ಏನು ಹೇಳಬೇಕು?
– ಮುಂಡರಗಿ ಕಡೆಯ ಓದುಗರು

ಉತ್ತರ: ಮೊದಲು ಎಲ್ಲ ಬಿಡಿಭಾಗಗಳನ್ನೂ ಅವುಗಳ ಜಾಗದಲ್ಲಿ ಕೂರಿಸಿ ಬೋಲ್ಟ್ ಬಿಗಿಯಿರಿ. ಆಮೇಲೆ ಬ್ರಾಕೆಟ್ ಎರಡಿಂಚು ಸರಿಸಿದರೆ ಪ್ರೆಸ್ ಮಾಡಿಸಿದ (ತುದಿಗೆ ಲೋಹದ ಎಂಡ್ ಒತ್ತಿ ಕೂರಿಸಿದ) ಹೋಸ್ ವ್ಯರ್ಥ.

ನಿಮಗೆ ಬೇಕಾದವು ಐದು. ಸ್ಟೀರಿಂಗ್ ಯೂನಿಟ್‌ನ ಪೋರ್ಟ್‌ಗಳ (ಹೋಸ್ ಕೂರುವ ತೂತುಗಳ) ಮೇಲೆ ಅಕ್ಷರಗಳಿರುತ್ತವೆ. ಪಂಪಿನಿಂದ ‘ಪಿ’ಗೆ (ಒತ್ತಡದ ಆಯಿಲ್ ಬರುವಲ್ಲಿ) ಒಂದು, ‘ಟಿ’ಯಿಂದ (ಆಯಿಲ್ ಮರಳುವಲ್ಲಿಂದ) ಟ್ಯಾಂಕಿಗೆ ಒಂದು, ‘ಎಲ್’ (ಎಡ) ಮತ್ತು ‘ಆರ್’ನಿಂದ (ಬಲ) ಸಿಲಿಂಡರಿಗೆ ಎರಡು, ಟ್ಯಾಂಕಿನಿಂದ ಪಂಪಿಗೆ ಆಯಿಲ್ ಎಳೆಯುವ ಸಕ್ಷನ್ ಹೋಸ್ ಒಂದು. ‘ಎಲ್’–‘ಆರ್’ ಅದಲುಬದಲಾದರೆ ಚಕ್ರ ಉಲ್ಟಾ ತಿರುಗುತ್ತದೆ, ಅಷ್ಟೇ, ಬದಲಿಸಿಕೊಳ್ಳಬಹುದು. ‘ಪಿ’–‘ಟಿ’ ಅದಲುಬದಲಾದರೆ ಯೂನಿಟ್‌ನ ಸೀಲೇ ಹೋದೀತು. ಎರಡಕ್ಕೂ ಬಣ್ಣದ ಟೇಪ್ ಸುತ್ತಿಡಿ.

ಒತ್ತಡದ ಮೂರು ಹೋಸ್‌ಗಳಿಗೆ (‘ಪಿ’, ‘ಎಲ್’, ‘ಆರ್’) 3/8 ಇಂಚಿನ ‘ಆರ್2’, ಅಂದರೆ ಎರಡು ಪದರ ತಂತಿಹೆಣಿಗೆಯದ್ದು, ಕೇಳಿ. ಒಂದೇ ಪದರದ ‘ಆರ್1’ ಈ ಅಳತೆಯಲ್ಲಿ 180 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತಡೆಯುತ್ತದೆ, ‘ಆರ್2’ 330 ಬಾರ್. ಲೆಕ್ಕಕ್ಕೆ ‘ಆರ್1’ ಸಾಕೆನಿಸಬಹುದು. ಆದರೆ ಮುಂದಿನ ಚಕ್ರ ಬದುವಿಗೆ ಬಡಿದಾಗ ಸಿಲಿಂಡರ್ ಲೈನಿನಲ್ಲಿ ಒತ್ತಡ ಒಮ್ಮೆಲೇ ಜಿಗಿಯುತ್ತದೆ. ತುಂಬಿದ ಟ್ರೇಲರ್ ಎಳೆಯುವ ಗಾಡಿಯ ಸ್ಟೀರಿಂಗಿನಲ್ಲಿ ಹಣ ಉಳಿಸಲು ಹೋಗಬೇಡಿ.

ಹೆಚ್ಚು ಮಂದಿ ಎಡವುವುದು ಥ್ರೆಡ್ಡಿನಲ್ಲಿ. 3/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಗಂಡು ಥ್ರೆಡ್ಡಿನ ಹೊರ ಅಳತೆ ಸುಮಾರು 16.6 ಮಿ.ಮೀ., ಮೆಟ್ರಿಕ್ ಥ್ರೆಡ್ಡಾದ ಎಂ16×1.5ರದ್ದು 16. ಕಣ್ಣಿಗೆ ಎರಡೂ ಒಂದೇ. ತಪ್ಪು ನಟ್ ಒಂದೆರಡು ಸುತ್ತು ಹತ್ತುತ್ತದೆ. ಜೋರು ಮಾಡಿ ಬಿಗಿದರೆ ಥ್ರೆಡ್ ಕೀಳುತ್ತದೆ, ಇಲ್ಲವೇ ಲೋಡ್ ಬಿದ್ದಾಗ ಕಿತ್ತು ಬರುತ್ತದೆ. ಆದ್ದರಿಂದ ಹುಬ್ಬಳ್ಳಿಯ ಹೋಸ್ ಅಂಗಡಿಗೆ ಹೋಗುವಾಗ ಪ್ರತಿ ಪೋರ್ಟಿನ ಅಡಾಪ್ಟರ್ (ಪೋರ್ಟಿಗೂ ಹೋಸಿಗೂ ನಡುವಿನ ಜೋಡಣೆ ತುಂಡು) ಬಿಚ್ಚಿಕೊಂಡು, ಯಾವುದು ಎಲ್ಲಿಯದೆಂದು ಚೀಟಿ ಕಟ್ಟಿಕೊಂಡೇ ಹೋಗಿ. ಅಡಾಪ್ಟರ್ ಪೋರ್ಟಿಗೆ ಕೂರುವಲ್ಲಿ ಡೌಟಿ ವಾಷರ್ (ಒಳಗೆ ರಬ್ಬರ್ ಅಂಚಿರುವ ಲೋಹದ ವಾಷರ್) ಹಾಕಿ. ಕೋನ್ (ಇಳಿಜಾರಾಗಿ ಒತ್ತಿ ಕೂರುವ ಮುಖ) ಇರುವ ಕಡೆ ಟೆಫ್ಲಾನ್ ಟೇಪ್ ಬೇಡವೇ ಬೇಡ: ಅದರ ಚೂರು ಯೂನಿಟ್ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಉದ್ದಕ್ಕೆ ದಾರ ಹಿಡಿದು ಅಳೆದರೆ ಕೆಲಸ ಕೆಡುತ್ತದೆ. ಅದೇ ದಪ್ಪದ ಹಳೆಯ ಹೋಸ್ ತುಂಡು ಹಾಯಿಸಿ ನೋಡಿ. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮುಂದಿನ ಆಕ್ಸಲ್ಲಿನ ಒಂದು ಬದಿ ಜಾಕ್‌ನಿಂದ ಎತ್ತಿ ನೋಡಿದಾಗ ಹೋಸ್ ಎಲ್ಲೂ ಬಿಗಿಯಾಗಿ ಎಳೆಯಬಾರದು, ಟೈರಿಗೆ ತಾಗಬಾರದು. ಒತ್ತಡದಲ್ಲಿ ಹೋಸ್ ನೂರಕ್ಕೆ 4ರಷ್ಟು ಗಿಡ್ಡವಾಗಬಹುದು. ಮೀಟರಿಗೆ 4 ಸೆಂ.ಮೀ. ಸಡಿಲ ಕೊಡಿ. ತಿರುವಿನ ತ್ರಿಜ್ಯ 127 ಮಿ.ಮೀ.ಗಿಂತ ಕಡಿಮೆ ಆಗಬಾರದು. ಜಾಗವಿಲ್ಲದಲ್ಲಿ 90 ಡಿಗ್ರಿ ಎಂಡ್ ಹಾಕಿಸಿ. ಎರಡೂ ತುದಿಗೆ ಬಾಗಿದ ಎಂಡ್ ಇದ್ದರೆ ಒಂದಕ್ಕೊಂದು ಯಾವ ಕೋನದಲ್ಲಿರಬೇಕೆಂದು ಗಾಡಿಯ ಮೇಲೇ ಗುರುತು ಹಾಕಿಕೊಂಡು ಹೋಗಿ. ಹೋಸ್ ತಿರುಚಿಕೊಂಡು ಕೂತರೆ ಬೇಗ ಒಡೆಯುತ್ತದೆ. ಅದರ ಮೇಲಿನ ಅಚ್ಚಿನ ಗೆರೆ ನೇರ ಓಡಿದೆಯೇ ನೋಡಿ.

ಕತ್ತರಿಸಿದ ಹೋಸಿನ ಒಳಗೆ ರಬ್ಬರ್–ತಂತಿಯ ಪುಡಿ ಇರುತ್ತದೆ. ಪ್ರೆಸ್ ಮಾಡುವ ಮೊದಲು ಗಾಳಿ ಹೊಡೆಸಿ, ಮಾಡಿಸಿದ ಮೇಲೆ ತುದಿಗಳಿಗೆ ಕ್ಯಾಪ್ ಹಾಕಿಸಿಕೊಂಡು ಬನ್ನಿ.

ಪ್ರಶ್ನೆ: ಹೊಸ ಹೋಸ್ ಹಾಕಿದ ಮೇಲೆ ಪಂಪು ಕೊರಗುಟ್ಟುತ್ತದೆ, ಟ್ಯಾಂಕಿನಲ್ಲಿ ನೊರೆ. ಎಲ್ಲೂ ಸೋರುತ್ತಿಲ್ಲ.
– ಸವಣೂರಿನ ಓದುಗರು

ಉತ್ತರ: ಸಕ್ಷನ್ ಹೋಸ್ ಗಾಳಿ ಎಳೆಯುತ್ತಿದೆ. ಅಲ್ಲಿ ಆಯಿಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಸೋರಿಕೆ ಕಾಣುವುದಿಲ್ಲ. ಕ್ಲಿಪ್ಪಿನ ಸುತ್ತ ಗ್ರೀಸ್ ಮೆತ್ತಿ. ಶಬ್ದ ಬದಲಾದರೆ ಜಾಗ ಅದೇ. ಸಾದಾ ರಬ್ಬರ್ ಪೈಪು ಹಾಕಿದ್ದರೆ ಬಿಸಿಯಾದಾಗ ಒಳಗೇ ಚಪ್ಪಟೆಯಾಗುತ್ತದೆ. ಸುರುಳಿ ತಂತಿಯ ‘ಆರ್4’ ಹಾಕಿ. ಟ್ಯಾಂಕಿಗೆ ಆಯಿಲ್ ಮರಳುವ ರಿಟರ್ನ್ ಪೈಪಿನ ತುದಿ ಆಯಿಲ್ ಮಟ್ಟದ ಕೆಳಗಿರಲಿ. ಆಮೇಲೆ ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಾರು ಸಲ ತಿರುಗಿಸಿ, ಆಯಿಲ್ ತುಂಬಿಸುತ್ತ ಗಾಳಿ ತೆಗೆಯಿರಿ.

ಪ್ರಶ್ನೆ: ಎಂಡ್ ಹತ್ತಿರ ಜಿನುಗುವ ಹೋಸನ್ನು ಮತ್ತೊಮ್ಮೆ ಪ್ರೆಸ್ ಮಾಡಿಸಬಹುದೇ?
– ಧಾರವಾಡದ ಓದುಗರು

ಉತ್ತರ: ಬೇಡ. ಎರಡನೇ ಒತ್ತು ಒಳಗಿನ ರಬ್ಬರನ್ನೇ ಕತ್ತರಿಸುತ್ತದೆ. ಉದ್ದ ಉಳಿದಿದ್ದರೆ ಆ ತುದಿ ಕತ್ತರಿಸಿ ಹೊಸ ಎಂಡ್ ಹಾಕಿಸಿ, ಇಲ್ಲವೇ ಹೋಸನ್ನೇ ಬದಲಿಸಿ. ಜಿನುಗುವ ಜಾಗ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಒತ್ತಡದ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಹೊಕ್ಕಿದೆ ಎಂದೇ ಹೇಳಿ.