ನ್ಯೂರೆಂಬರ್ಗ್ ವಿಚಾರಣೆ ಬರೀ ಗೆದ್ದವರ ನ್ಯಾಯವೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದದ್ದು ಗೆದ್ದವರು ಸೋತವರ ಮೇಲೆ ತೀರಿಸಿಕೊಂಡ ಸೇಡಲ್ವಾ? ಕೃತ್ಯ ನಡೆದಾಗ ಇಲ್ಲದ ಕಾನೂನನ್ನು ಆಮೇಲೆ ಮಾಡಿ ಶಿಕ್ಷೆ ಕೊಡುವುದು ಸರಿಯಾ?

ಮೊದಲನೆಯದಕ್ಕೆ ನನ್ನ ಉತ್ತರ: ಅರ್ಧ ಹೌದು. ನ್ಯಾಯಪೀಠದಲ್ಲಿ ಕೂತವರು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟದವರು ಮಾತ್ರ. ರಷ್ಯಾದ ಕಾಟಿನ್ ಕಾಡಿನ ಸಂಗತಿಯನ್ನೇ ನೋಡಿ. 1940ರಲ್ಲಿ ಅಲ್ಲಿ ಸಾವಿರಾರು ಪೋಲಿಷ್ ಸೇನಾಧಿಕಾರಿಗಳನ್ನು ಗುಂಡಿಕ್ಕಿ ಕೊಂದದ್ದು ಸೋವಿಯತ್ ಗುಪ್ತ ಪೊಲೀಸರು. ಆದರೆ ಸೋವಿಯತ್ ಕಡೆಯ ವಕೀಲರು ಅದೇ ಕೊಲೆಗಳನ್ನು ಜರ್ಮನ್ನರ ತಲೆಗೆ ಕಟ್ಟಿ ಆರೋಪಪಟ್ಟಿಗೆ ಸೇರಿಸಿದರು. ಆರೋಪ ನಿಲ್ಲಲಿಲ್ಲ. ತೀರ್ಪಿನಲ್ಲಿ ಕಾಟಿನ್ ಹೆಸರೇ ಇಲ್ಲ! ಮಾಸ್ಕೋ ನಿಜ ಒಪ್ಪಿಕೊಂಡದ್ದು 1990ರಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನರ್ಧವೂ ಇದೆ. ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಜ್ ಮೇಲೆ ಜಲಾಂತರ್ಗಾಮಿಗಳಿಂದ ಎಚ್ಚರಿಕೆ ಕೊಡದೆ ಹಡಗು ಮುಳುಗಿಸಿದ ಆರೋಪವಿತ್ತು. ಅವನ ವಕೀಲ ಅಮೆರಿಕದ ಅಡ್ಮಿರಲ್ ನಿಮಿಟ್ಜ್‌ಗೇ ಪ್ರಶ್ನೆಗಳನ್ನು ಕಳಿಸಿದ. ಪೆಸಿಫಿಕ್ ಸಾಗರದಲ್ಲಿ ತಾವೂ ಹಾಗೇ ಮಾಡಿದ್ದೆವು ಎಂದು ನಿಮಿಟ್ಜ್ ಬರೆದುಕೊಟ್ಟರು. ಗೆದ್ದವರ ಕೋರ್ಟು ಅದನ್ನು ದಾಖಲೆಗೆ ತೆಗೆದುಕೊಂಡಿತು. ಡೋನಿಟ್ಜ್‌ಗೆ 10 ವರ್ಷ ಜೈಲಾಯಿತು ನಿಜ, ಆದರೆ ಜಲಾಂತರ್ಗಾಮಿ ನಿಯಮ ಮುರಿದದ್ದಕ್ಕೆ ಅಲ್ಲ. ತೀರ್ಪು ಬಂದ 22 ಜನರಲ್ಲಿ ಮೂವರು ಖುಲಾಸೆಯಾದರು. ಸುಮ್ನೆ ಸೇಡು ತೀರಿಸಿಕೊಳ್ಳಬೇಕಿದ್ದರೆ ವಿಚಾರಣೆಯೇ ಬೇಕಿರಲಿಲ್ಲ. ಚರ್ಚಿಲ್ ಅವರಂತೂ ನಾಜಿ ಮುಖಂಡರನ್ನು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಬೇಕು ಎನ್ನುತ್ತಿದ್ದರು.

ಎರಡನೇ ಪ್ರಶ್ನೆಯಲ್ಲಿ ಒಂದು ಕಡೆ ನಿಮ್ಮ ಮಾತಿಗೆ ತೂಕವಿದೆ. 1928ರ ಪ್ಯಾರಿಸ್ ಒಪ್ಪಂದ ಯುದ್ಧವನ್ನು ತಿರಸ್ಕರಿಸಿತ್ತು, ಆದರೆ ಯುದ್ಧ ಶುರು ಮಾಡಿದ ವ್ಯಕ್ತಿಗೆ ಶಿಕ್ಷೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅದು ಹೊಸದೇ. ಕೊಲೆ, ಚಿತ್ರಹಿಂಸೆ, ಜೀತ ಹಾಗಲ್ಲ. ಗುಂಡಿ ತೋಡಿಸಿ, ಅದರ ಅಂಚಿನಲ್ಲಿ ಹೆಂಗಸರು ಮಕ್ಕಳನ್ನು ನಿಲ್ಲಿಸಿ ಗುಂಡು ಹಾರಿಸಿದವನಿಗೆ ಅದು ತಪ್ಪೆಂದು ಗೊತ್ತಾಗಲು ಹೊಸ ಕಾನೂನು ಬೇಕಿತ್ತಾ? ಇಲ್ಲಿ ಹೊಸದಾಗಿದ್ದದ್ದು ಇಷ್ಟು: 'ಮೇಲಿನವರ ಆದೇಶವಿತ್ತು' ಎಂದು ಹೇಳಿ ಪಾರಾಗುವ ದಾರಿ ಮುಚ್ಚಿತು.

ನನ್ನ ತಕರಾರು ಬೇರೆಯೇ. ಆ ಕೋರ್ಟು ಕಾನೂನನ್ನು ಜಾಸ್ತಿ ಎಳೆಯಿತು ಎನ್ನುವುದಕ್ಕಿಂತ, ಎಳೆಯಬೇಕಾದಲ್ಲಿ ಎಳೆಯಲಿಲ್ಲ ಅನಿಸುತ್ತದೆ. 1938ರ ನವೆಂಬರ್‌ನಲ್ಲಿ ಜರ್ಮನಿಯ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳು ಉರಿದವು. ಅಂಗಡಿಗಳ ಗಾಜು ಬೀದಿಯಲ್ಲಿ ಹರಡಿಕೊಂಡಿತ್ತು. ಸಾವಿರಾರು ಗಂಡಸರನ್ನು ಶಿಬಿರಗಳಿಗೆ ಎಳೆದೊಯ್ದರು. ಇವನ್ನು ಮಾನವಕುಲದ ವಿರುದ್ಧದ ಅಪರಾಧ ಎಂದು ಕೋರ್ಟು ಎಣಿಸಲಿಲ್ಲ. ಯುದ್ಧಕ್ಕೆ ನಂಟಿರುವ ಕೃತ್ಯವನ್ನಷ್ಟೇ ಅದು ಹಾಗೆ ನೋಡಬಹುದಿತ್ತು, ಯುದ್ಧ ಶುರುವಾದದ್ದು 1939ರಲ್ಲಿ.

ಇದರಿಂದ ತುಂಬಾ ನೊಂದವರು ರಫಾಯೆಲ್ ಲೆಮ್ಕಿನ್ ಎಂಬ ಪೋಲಿಷ್ ಯಹೂದಿ ವಕೀಲರು. 'ಜೆನೊಸೈಡ್', ಅಂದರೆ ಒಂದು ಜನಾಂಗವನ್ನೇ ಅಳಿಸಿಹಾಕುವ ಕೃತ್ಯ, ಎಂಬ ಪದ ಅವರದೇ, 1944ರದು. ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡದಲ್ಲಿ ಅವರು ತಂದೆತಾಯಿಯನ್ನೂ ಕಳೆದುಕೊಂಡಿದ್ದರು. ಆರೋಪಪಟ್ಟಿಯಲ್ಲಿ ಅವರ ಪದವಿತ್ತು, ತೀರ್ಪಿನಲ್ಲಿ ಇರಲಿಲ್ಲ. ಅವರು ಕೈಚೆಲ್ಲಿ ಕೂರಲಿಲ್ಲ. ವಿಶ್ವಸಂಸ್ಥೆಗೆ ಅಲೆದು, ಪ್ರತಿನಿಧಿಗಳ ಬೆನ್ನು ಹತ್ತಿ, 1948ರ ಡಿಸೆಂಬರ್ 9ರಂದು ಜೆನೊಸೈಡ್ ಒಪ್ಪಂದಕ್ಕೆ ಒಪ್ಪಿಗೆ ಸಿಗುವವರೆಗೂ ಬಿಡಲಿಲ್ಲ. ಅದರ ಮೊದಲನೇ ವಿಧಿ ತೆಗೆದು ನೋಡಿ: ಶಾಂತಿಯ ಕಾಲದಲ್ಲಿ ನಡೆದರೂ ಅಪರಾಧ, ಯುದ್ಧದ ಕಾಲದಲ್ಲಿ ನಡೆದರೂ ಅಪರಾಧ.