ಹೆಡ್‌ಫೋನ್ ಕೂಟ: ಮೊದಲು ಕೋಣೆಯನ್ನು ನೋಡಿ, ಆಮೇಲೆ ಹೆಡ್‌ಫೋನನ್ನು

ಪ್ರಶ್ನೆ: ಹೆಡ್‌ಫೋನ್ ಹವ್ಯಾಸವಿರುವ ನಾವು ಮೂವತ್ತು ಮಂದಿ ಕಳೆದ ವರ್ಷ ಮೊದಲ ಬಾರಿಗೆ ಒಂದು ಸಭಾಂಗಣದಲ್ಲಿ ಸೇರಿದೆವು. ಸಂಭ್ರಮವೇನೋ ಇತ್ತು. ಆದರೆ ಸಂಜೆಯ ಹೊತ್ತಿಗೆ ಅರ್ಧದಷ್ಟು ಜನಕ್ಕೆ ತಲೆನೋವು ಬಂದಿತ್ತು, ಯಾವುದು ಚೆನ್ನಾಗಿ ಕೇಳಿಸಿತು ಎಂಬ ವಿಷಯದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಇದು ಸಾಲದೆಂಬಂತೆ, ಬ್ಯಾಲೆನ್ಸ್ಡ್ (ಎಡ, ಬಲಗಳಿಗೆ ಪೂರ್ತಿ ಪ್ರತ್ಯೇಕ ತಂತಿಗಳಿರುವ) ಔಟ್‌ಪುಟ್‌ಗೆ ಅಡಾಪ್ಟರ್ ಹಾಕಿ ಸಾಧಾರಣ ಹೆಡ್‌ಫೋನ್ ಜೋಡಿಸಿದಾಗ ಒಬ್ಬರ ಆಂಪ್ಲಿಫೈಯರ್ ಕೂಡ ಕೆಟ್ಟುಹೋಯಿತು. ಈ ವರ್ಷ ಕೂಟ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಕೋಣೆಯಿಂದ ಆರಂಭಿಸಿ. ನಿಮ್ಮ ತಲೆನೋವಿಗೂ ವಾದವಿವಾದಕ್ಕೂ ಮೂಲ ಒಂದೇ, ಅದು ಗದ್ದಲ. ಆಂಪ್ಲಿಫೈಯರ್‌ನ ಕಥೆ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಹವ್ಯಾಸಿಗಳು ಇಂಥ ಕೂಟಕ್ಕೆ ಹೊತ್ತು ತರುವ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಓಪನ್-ಬ್ಯಾಕ್ ಮಾದರಿಯವು, ಅಂದರೆ ಕಿವಿಯ ಬಟ್ಟಲಿನ ಹೊರಬದಿಯನ್ನು ಮುಚ್ಚದೆ ಜಾಲರಿಯಾಗಿ ಬಿಟ್ಟಿರುವಂಥವು. 1968ರಲ್ಲಿ ಸೆನ್‌ಹೈಸರ್ ಕಂಪನಿಯು ಎಚ್‌ಡಿ 414 ಎಂಬ, ಹಳದಿ ಸ್ಪಂಜಿನ ಮೆತ್ತೆಯ ಹಗುರವಾದ ಹೆಡ್‌ಫೋನಿನೊಂದಿಗೆ ಈ ವಿನ್ಯಾಸವನ್ನು ಮಾರುಕಟ್ಟೆಗೆ ತಂದಿತು. ಧ್ವನಿ ತಲೆಯೊಳಗೆ ಒತ್ತಿಟ್ಟಂತಾಗದೆ ಬಿಡುವಾಗಿ ಕೇಳಿಸುವುದು ಇದರ ಗುಣ. ಹೊರಗಿನ ಸದ್ದನ್ನು ತಡೆಯಲಾರದಿರುವುದು ಅದೇ ಗುಣಕ್ಕೆ ನಾವು ತೆರುವ ಬೆಲೆ. ಪಕ್ಕದಲ್ಲಿ ಇಬ್ಬರು ಮಾತನಾಡುವ ಸದ್ದೇ ಸುಮಾರು 60 ಡೆಸಿಬೆಲ್ ಇರುತ್ತದೆ. ಮೂವತ್ತು ಜನ ಒಟ್ಟಿಗೆ ಮಾತನಾಡುವ ಸಭಾಂಗಣದಲ್ಲಿ ಕುಳಿತವರು ಆ ಮಾತನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾರೆ. ಹೆಡ್‌ಫೋನ್ ಧರಿಸಿದವರೊಂದಿಗೆ ಮಾತನಾಡಬೇಕಾದವರು ದನಿ ಏರಿಸುತ್ತಾರೆ. ಅದನ್ನು ಮೀರಿಸಲು ವಾಲ್ಯೂಮ್ ಮತ್ತೆ ಏರುತ್ತದೆ. ಸಂಜೆಯ ತಲೆನೋವು ಹೀಗೆ ಹುಟ್ಟುತ್ತದೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯೋಷ್ ಕಾರ್ಮಿಕರಿಗಾಗಿ ಗೊತ್ತುಮಾಡಿರುವ ಮಿತಿಯ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ 94 ಡೆಸಿಬೆಲ್‌ಗೆ ಒಂದು ಗಂಟೆ, 100 ಡೆಸಿಬೆಲ್‌ಗೆ ಕೇವಲ ಕಾಲು ಗಂಟೆ. ಗದ್ದಲದ ನಡುವೆ ಮೇಜಿನಿಂದ ಮೇಜಿಗೆ ಹೋಗುತ್ತಾ ಕೇಳುವವರು ಈ ಲೆಕ್ಕವನ್ನು ಮಧ್ಯಾಹ್ನದೊಳಗೇ ಮೀರಿರುತ್ತಾರೆ. ದಣಿದ ಕಿವಿಗೆ ಸೂಕ್ಷ್ಮ ಸದ್ದುಗಳು ತಾತ್ಕಾಲಿಕವಾಗಿ ಕೇಳಿಸದಂತಾಗುತ್ತವೆ. ಅಂಥ ಕಿವಿ ಕೊಟ್ಟ ತೀರ್ಪಿನ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ.

ಗದ್ದಲದಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ, ಅದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಫ್ಯಾನು, ಏಸಿ, ಹೊರಗಿನ ವಾಹನಗಳು ಹೊಮ್ಮಿಸುವ ಸದ್ದಿನಲ್ಲಿ ಕೆಳಗಿನ ಕಂಪನಾಂಕಗಳದೇ ಮೇಲುಗೈ. ಅದು ಸಂಗೀತದ ಬೇಸ್ ಅನ್ನು ಮುಚ್ಚಿಹಾಕುತ್ತದೆ. ಸಮತೋಲವಾಗಿರುವ ಹೆಡ್‌ಫೋನ್ ಅಲ್ಲಿ ಬಡಕಲಾಗಿಯೂ ಮಂಕಾಗಿಯೂ ತೋರುತ್ತದೆ. ಟ್ರೆಬಲ್ ತುಸು ಅತಿಯಾಗಿರುವ ಹೆಡ್‌ಫೋನ್ ಗದ್ದಲವನ್ನು ಸೀಳಿಕೊಂಡು ಬಂದು ಬಹಳ ಸ್ಪಷ್ಟವಾಗಿ ಕೇಳಿಸಿದಂತೆ ಭ್ರಮೆ ಹುಟ್ಟಿಸುತ್ತದೆ. ನಾನು ಹೀಗೆಯೇ ಮೋಸಹೋದವನು. ತುಂಬಿದ ಕೋಣೆಯಲ್ಲಿ ಎರಡು ನಿಮಿಷ ಕೇಳಿ ಮರುಳಾಗಿ ಕೊಂಡ ಒಂದು ಹೆಡ್‌ಫೋನ್, ಮನೆಯ ನಿಶ್ಶಬ್ದದಲ್ಲಿ ಗಾಯಕಿಯ ಪ್ರತಿಯೊಂದು ಸಕಾರವನ್ನೂ ಸೂಜಿಯಂತೆ ಚುಚ್ಚತೊಡಗಿತು. ಮೂರು ವಾರದೊಳಗೆ ಅದು ಬೇರೊಬ್ಬರ ಪಾಲಾಯಿತು.

ಆದ್ದರಿಂದ ಒಂದು ದೊಡ್ಡ ಸಭಾಂಗಣದ ಬದಲು ಎರಡು ಕೋಣೆಗಳನ್ನು ಹಿಡಿಯಿರಿ. ಒಂದು ಮಾತಿಗೆ, ಇನ್ನೊಂದು ಕೇಳುವುದಕ್ಕೆ. ಕೇಳುವ ಕೋಣೆಯಲ್ಲಿ ಒಂದು ಹೊತ್ತಿಗೆ ಆರೆಂಟು ಮಂದಿಗಿಂತ ಹೆಚ್ಚು ಇರಬಾರದು, ಅಲ್ಲಿ ಪಿಸುಮಾತಿಗಿಂತ ಜೋರಾದ ಮಾತು ಇರಬಾರದು, ಓಪನ್-ಬ್ಯಾಕ್ ಮತ್ತು ಎಲೆಕ್ಟ್ರೋಸ್ಟ್ಯಾಟಿಕ್ (ಸ್ಥಿರ ವಿದ್ಯುತ್ತಿನ ಬಲದಿಂದ ತೆಳು ಪೊರೆಯನ್ನು ಕಂಪಿಸಿ ಸದ್ದು ಹುಟ್ಟಿಸುವ) ಹೆಡ್‌ಫೋನ್‌ಗಳೆಲ್ಲ ಅಲ್ಲಿಯೇ ಇರಬೇಕು. ಕಿವಿಯೊಳಗೆ ಸೇರುವ ಇನ್-ಇಯರ್‌ಗಳು ಮತ್ತು ಮುಚ್ಚಿದ ಬಟ್ಟಲಿನ ಹೆಡ್‌ಫೋನ್‌ಗಳು ಮಾತಿನ ಕೋಣೆಯಲ್ಲಿದ್ದರೂ ನಡೆಯುತ್ತದೆ. ಕೋಣೆಯನ್ನು ಗೊತ್ತುಮಾಡುವ ಮೊದಲು, ಕೂಟ ನಡೆಯುವ ಹೊತ್ತಿನಲ್ಲೇ ಅಲ್ಲಿಗೆ ಹೋಗಿ ನಿಮ್ಮದೇ ಓಪನ್-ಬ್ಯಾಕ್ ಹೆಡ್‌ಫೋನನ್ನು ಸಂಗೀತ ಹಾಕದೆ ಬರಿದೇ ಧರಿಸಿ ಐದು ನಿಮಿಷ ಕುಳಿತುಕೊಳ್ಳಿ. ಆಗ ಏನೇನು ಕೇಳಿಸುತ್ತದೆಯೋ ಅದೆಲ್ಲ ಅಂದು ಪ್ರತಿಯೊಬ್ಬರ ಸಂಗೀತದೊಳಗೂ ಬೆರೆಯುತ್ತದೆ.

ಇನ್ನು ಆಂಪ್ಲಿಫೈಯರ್‌ನ ವಿಷಯ. ಸಾಧಾರಣ 6.35 ಅಥವಾ 3.5 ಮಿಲಿಮೀಟರ್ ಸ್ಟೀರಿಯೋ ಪ್ಲಗ್ಗಿನಲ್ಲಿ ಎಡ ಮತ್ತು ಬಲ ಚಾನೆಲ್‌ಗಳ ಋಣ ತಂತಿಗಳು ಒಂದಾಗಿ ಕೂಡಿರುತ್ತವೆ. ಬ್ಯಾಲೆನ್ಸ್ಡ್ ಆಂಪ್ಲಿಫೈಯರ್‌ನಲ್ಲಿ ಆ ಎರಡೂ ತಂತಿಗಳನ್ನು ಬೇರೆ ಬೇರೆ ಸರ್ಕ್ಯೂಟುಗಳು ಚಾಲನೆ ಮಾಡುತ್ತಿರುತ್ತವೆ. 4 ಪಿನ್ನಿನ ಎಕ್ಸ್‌ಎಲ್‌ಆರ್ ಅಥವಾ 4.4 ಮಿಲಿಮೀಟರ್ ಔಟ್‌ಪುಟ್‌ಗೆ ಅಡಾಪ್ಟರ್ ಸಿಕ್ಕಿಸಿ ಸಾಧಾರಣ ಪ್ಲಗ್ಗನ್ನು ಜೋಡಿಸಿದರೆ ಆ ಎರಡು ಸರ್ಕ್ಯೂಟುಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿದಂತಾಗುತ್ತದೆ. ನಿಮ್ಮಲ್ಲಿ ಆದದ್ದು ಇದೇ. ತಿರುಗಾಮುರುಗಾ ಮಾಡಿದರೆ, ಅಂದರೆ ಬ್ಯಾಲೆನ್ಸ್ಡ್ ಕೇಬಲ್ಲಿನ ಹೆಡ್‌ಫೋನನ್ನು ಅಡಾಪ್ಟರ್ ಮೂಲಕ ಸಾಧಾರಣ ಔಟ್‌ಪುಟ್‌ಗೆ ಜೋಡಿಸಿದರೆ, ತೊಂದರೆಯಿಲ್ಲ. ಎರಡೂ ಬಗೆಯ ಅಡಾಪ್ಟರ್‌ಗಳು ನೋಡಲು ಒಂದೇ ರೀತಿ ಇರುವುದರಿಂದ, ಮೊದಲ ಬಗೆಯವನ್ನು ಬಾಗಿಲಲ್ಲೇ ಪಡೆದು ಒಂದು ಡಬ್ಬಿಯಲ್ಲಿ ಹಾಕಿಟ್ಟು, ಹೋಗುವಾಗ ಮರಳಿಸಿ. ಹೀಗೆ ಮಾಡಿದರೆ ಯಾರೂ ಬೇಸರಿಸುವುದಿಲ್ಲ.

ಆಂಪ್ಲಿಫೈಯರ್ ಕೆಡುವುದಕ್ಕಿಂತ ನನಗೆ ಹೆಚ್ಚು ಭಯವಿರುವುದು ವಾಲ್ಯೂಮ್ ಗುಬ್ಬಿಯ, ಅಂದರೆ ಸದ್ದು ಏರಿಸಿ ಇಳಿಸಲು ತಿರುಗಿಸುವ ಗುಂಡಿಯ, ಬಗ್ಗೆ. ಹೈಫೈಮ್ಯಾನ್ ಎಚ್‌ಇ-6 ಎಂಬ ಪ್ಲೇನಾರ್ (ಅಯಸ್ಕಾಂತಗಳ ಬಲದಿಂದ ಚಪ್ಪಟೆ ಪೊರೆ ಕಂಪಿಸುವ) ಹೆಡ್‌ಫೋನಿನ ಸಂವೇದನೆ, ಅಂದರೆ ಕೊಟ್ಟ ವಿದ್ಯುತ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ, ಒಂದು ಮಿಲಿವ್ಯಾಟ್‌ಗೆ 83.5 ಡೆಸಿಬೆಲ್, ಇಂಪೀಡೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) 50 ಓಮ್. ಅದನ್ನು ಕೇಳುತ್ತಿದ್ದವರು ಗುಬ್ಬಿಯನ್ನು ಅಗತ್ಯವಿದ್ದಷ್ಟು ತಿರುಗಿಸಿಟ್ಟು ಹಾಗೆಯೇ ಎದ್ದು ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಮುಂದೆ ಬಂದವರು 16 ಓಮ್, ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಇರುವ ಒಂದು ಇನ್-ಇಯರ್ ಅನ್ನು ಕಿವಿಗೆ ಹಾಕಿಕೊಂಡು ಅದೇ ಜ್ಯಾಕ್‌ಗೆ ಚುಚ್ಚಿದರೆ, ಅದೇ ವೋಲ್ಟೇಜಿನಲ್ಲಿ ಅವರಿಗೆ 30 ಡೆಸಿಬೆಲ್‌ಗೂ ಹೆಚ್ಚು ಜೋರಾದ ಸದ್ದು ಕಿವಿಯೊಳಗೇ ಸಿಡಿಯುತ್ತದೆ. ಎದ್ದೇಳುವವರು ಗುಬ್ಬಿಯನ್ನು ಸೊನ್ನೆಗೆ ತರಬೇಕು, ಕೂರುವವರು ಅದು ಸೊನ್ನೆಯಲ್ಲಿದೆಯೆಂದು ನೋಡಿ, ಪ್ಲಗ್ ಹಾಕಿ, ಆಮೇಲಷ್ಟೇ ಹೆಡ್‌ಫೋನ್ ಧರಿಸಬೇಕು. ಮಿಕ್ಕ ಯಾವ ನಿಯಮವನ್ನು ಸಡಿಲಿಸಿದರೂ ಇದನ್ನು ಸಡಿಲಿಸಬೇಡಿ. ಪ್ರತಿ ಮೇಜಿನ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿಡಿ.

ಯಾವ ಹೆಡ್‌ಫೋನಿಗೆ ಯಾವ ಆಂಪ್ಲಿಫೈಯರ್ ಎಂಬುದನ್ನು ಬರುವವರಿಂದ ಮೊದಲೇ ಪಟ್ಟಿ ಪಡೆದು ನೀವೇ ಹೊಂದಿಸಿಡಿ. ಸೆನ್‌ಹೈಸರ್ ಎಚ್‌ಡಿ 600 ಮಾದರಿಯ ಇಂಪೀಡೆನ್ಸ್ 300 ಓಮ್. ಅದಕ್ಕೆ 1 ವೋಲ್ಟ್ ಕೊಟ್ಟರೆ ಸುಮಾರು 97 ಡೆಸಿಬೆಲ್ ಬರುತ್ತದೆ. ಮೇಲೆ ಹೇಳಿದ ಎಚ್‌ಇ-6 ಕೂಡ 1 ವೋಲ್ಟ್‌ಗೆ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ನುಡಿಯುತ್ತದೆ. ಆದರೆ ಮೊದಲನೆಯದು ಎಳೆಯುವ ಕರೆಂಟು ಮೂರು ಚಿಲ್ಲರೆ ಮಿಲಿಆಂಪಿಯರ್, ಎರಡನೆಯದು 20 ಮಿಲಿಆಂಪಿಯರ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ, ಹೆಚ್ಚು ಕರೆಂಟು ಕೊಡಲಾರದ ವಾಲ್ವ್ (ಗಾಜಿನ ನಳಿಕೆಯ) ಆಂಪ್ಲಿಫೈಯರ್‌ನಲ್ಲಿ ಎಚ್‌ಡಿ 600 ಸೊಗಸಾಗಿ ಹಾಡುತ್ತದೆ, ಎಚ್‌ಇ-6 ಏದುಸಿರು ಬಿಡುತ್ತದೆ. ಬೇಯರ್‌ಡೈನಮಿಕ್ ಡಿಟಿ 880 ಮಾದರಿಯು 32, 250, 600 ಓಮ್‌ಗಳ ಮೂರು ಅವತಾರಗಳಲ್ಲಿ ಬಂದಿರುವುದರಿಂದ, ಪಟ್ಟಿಯಲ್ಲಿ ಹೆಸರಿನ ಜೊತೆಗೆ ಓಮ್ ಕೂಡ ಬರೆಯಲು ಹೇಳಿ.

ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವ ಮೇಜನ್ನು ಇಡುವುದಾದರೆ ಒಂದು ಮಲ್ಟಿಮೀಟರ್ ತನ್ನಿ. ಸದ್ದು ಒಂದು ಡೆಸಿಬೆಲ್ ಹೆಚ್ಚಾದರೆ ಅದು ನಮಗೆ ಜೋರಾಗಿ ಕೇಳಿಸುವ ಬದಲು ಚೆನ್ನಾಗಿ ಕೇಳಿಸುತ್ತದೆ. ಅರ್ಧಕ್ಕರ್ಧ ವಾದಗಳ ಗುಟ್ಟು ಇಷ್ಟೇ. 400 ಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ, ಹೆಡ್‌ಫೋನ್ ಜೋಡಿಸಿರುವಾಗಲೇ ಎರಡರ ಔಟ್‌ಪುಟ್ ವೋಲ್ಟೇಜನ್ನು ಅಳೆದು, ಅಂತರ ಶೇಕಡಾ ಒಂದರೊಳಗೆ ಬರುವಂತೆ ಗುಬ್ಬಿಗಳನ್ನು ನಿಲ್ಲಿಸಿ, ಮೇಲೆ ಟೇಪು ಅಂಟಿಸಿ. ಹೆಡ್‌ಫೋನ್‌ಗಳನ್ನು ಒಂದಕ್ಕೊಂದು ಹೋಲಿಸುವಾಗ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಒಂದೇ ಗಾಯಕರ ದನಿಯನ್ನು ಎರಡರಲ್ಲೂ ಸಮವೆನಿಸುವವರೆಗೆ ಕಿವಿಯಿಂದಲೇ ಹೊಂದಿಸಬೇಕು.

ಉಳಿದದ್ದು ಸಣ್ಣ ಕೆಲಸ: ಸಾಕಷ್ಟು ಎಕ್ಸ್‌ಟೆನ್ಷನ್ ಬೋರ್ಡುಗಳು, ಇನ್-ಇಯರ್ ತುದಿಗಳನ್ನು ಒರೆಸಲು ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್, ಚರ್ಮದ ಮೆತ್ತೆಗಳಿಗೆ ತುಸು ಒದ್ದೆಯಾದ ಬಟ್ಟೆ. ಚರ್ಮಕ್ಕೆ ಆಲ್ಕೋಹಾಲ್ ತಾಗಿಸಬೇಡಿ, ಬಿರುಕು ಬಿಡುತ್ತದೆ.

ಪ್ರಶ್ನೆ: ಮೊದಲ ಬಾರಿಗೆ ಇಂಥ ಕೂಟವೊಂದಕ್ಕೆ ಹೋಗುತ್ತಿದ್ದೇನೆ. ನನ್ನ ಬಳಿ ಇರುವುದು ಒಂದೇ ಒಂದು ಅಗ್ಗದ ಹೆಡ್‌ಫೋನ್. ಅದನ್ನು ಒಯ್ಯಲು ಸಂಕೋಚವಾಗುತ್ತಿದೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು, ಇರುವ ಹೊತ್ತಿನಲ್ಲಿ ಏನನ್ನು ಕೇಳಬೇಕು?

ಉತ್ತರ: ತಪ್ಪದೆ ಒಯ್ಯಿರಿ. ಅಂದು ಆ ಕೋಣೆಯಲ್ಲಿ ನಿಮ್ಮ ಕಿವಿಗೆ ಪೂರ್ತಿ ಪರಿಚಯವಿರುವ ಏಕೈಕ ಹೆಡ್‌ಫೋನ್ ಅದು. ಧ್ವನಿಯ ಸೂಕ್ಷ್ಮ ಬಣ್ಣಗಳ ನೆನಪು ಕೆಲವೇ ಕ್ಷಣಗಳಲ್ಲಿ ಮಸುಕಾಗುತ್ತದೆ. ಬೆಳಗ್ಗೆ ಕೇಳಿದ್ದನ್ನು ಮಧ್ಯಾಹ್ನ ಕೇಳಿದ್ದರೊಂದಿಗೆ ಹೋಲಿಸುತ್ತೇನೆ ಎನ್ನುವವರು ತಮ್ಮ ಮಾತನ್ನೇ ತಾವು ನೆನಪಿಸಿಕೊಳ್ಳುತ್ತಿರುತ್ತಾರೆ. ಹೊಸದೊಂದನ್ನು ಕೇಳಿದ ಕೂಡಲೇ ನಿಮ್ಮದನ್ನು ಧರಿಸಿ ಅದೇ ಭಾಗವನ್ನು ಮತ್ತೊಮ್ಮೆ ಕೇಳಿದರೆ ವ್ಯತ್ಯಾಸ ಎಲ್ಲಿದೆಯೆಂಬುದು ನಿಮಗೇ ತಿಳಿಯುತ್ತದೆ. ಅಗ್ಗದ್ದೆಂಬ ಸಂಕೋಚವಂತೂ ಬೇಡ. ಕಾಸ್ ಕಂಪನಿಯ ಕೆಎಸ್‌ಸಿ75 ಎಂಬ, ಕಿವಿಗೆ ಕೊಕ್ಕೆಯಂತೆ ಸಿಕ್ಕಿಸುವ ಪುಟ್ಟ ಹೆಡ್‌ಫೋನನ್ನು ಹಿಡಿದುಕೊಂಡು ಬಂದವರ ಸುತ್ತ ಹಳೆಯ ಹವ್ಯಾಸಿಗಳು ಪ್ರೀತಿಯಿಂದ ನೆರೆಯುವುದನ್ನು ಕಂಡಿದ್ದೇನೆ.

ಸಂಗೀತವನ್ನೂ ನಿಮ್ಮದನ್ನೇ ಒಯ್ಯಿರಿ, ಅಂತರ್ಜಾಲವನ್ನು ನಂಬದೆ ಫೋನಿಗೆ ಇಳಿಸಿಕೊಂಡು ಹೋಗಿ. ಮೂರು ತುಣುಕುಗಳು ಸಾಕು: ವಾದ್ಯಗಳ ಭಾರವಿಲ್ಲದ ಒಂದು ಕಂಠ, ತಳದ ಸ್ವರಗಳು ಒಂದೊಂದಾಗಿ ಇಳಿಯುವ ಒಂದು ಭಾಗ, ಅನೇಕ ವಾದ್ಯಗಳು ಒಟ್ಟಿಗೆ ಮೊರೆಯುವ ಒಂದು ಭಾಗ, ಒಂದೊಂದೂ ಅರ್ಧ ನಿಮಿಷದ್ದಿರಲಿ. ಮಾಲೀಕರು ತಮ್ಮ ಹೆಡ್‌ಫೋನ್ ಮೆರೆಯುವಂಥ ಹಾಡನ್ನೇ ಹಾಕಿಕೊಡುತ್ತಾರೆ. ಅದನ್ನು ಸಂತೋಷದಿಂದ ಕೇಳಿ, ಆಮೇಲೆ ನಿಮ್ಮದನ್ನು ಹಾಕಲು ಅನುಮತಿ ಬೇಡಿ.

ಕೈಯಲ್ಲಿ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಎರಡೂ ಬಟ್ಟಲುಗಳನ್ನು ಎರಡು ಕೈಗಳಲ್ಲಿ ಹಿಡಿದು, ಪಟ್ಟಿಯನ್ನು ತಲೆಯ ಅಗಲಕ್ಕಿಂತ ತುಸುವೇ ಹೆಚ್ಚು ತೆರೆದು ಧರಿಸಿ. ಬಟ್ಟಲುಗಳನ್ನು ಕಿವಿಗೆ ಅದುಮಬೇಡಿ. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನ ಪೊರೆ ಕೂದಲೆಳೆಗಿಂತ ಎಷ್ಟೋ ತೆಳುವಾದದ್ದು. ಒಳಗಿನ ಗಾಳಿಯ ಒತ್ತಡ ತಟ್ಟನೆ ಬದಲಾದರೆ ಅದು ಬಾಗಿ ಪಟಪಟನೆ ಸದ್ದು ಮಾಡುತ್ತದೆ, ಮಾಲೀಕರ ಎದೆಯೂ ಹಾಗೆಯೇ ಬಡಿದುಕೊಳ್ಳುತ್ತದೆ. ಸ್ಟಾಕ್ಸ್ ಕಂಪನಿಯ ಪ್ರೋ ಮಾದರಿಗಳಲ್ಲಿ ಆ ಪೊರೆಗೆ 580 ವೋಲ್ಟ್‌ನ ಬಯಾಸ್, ಅಂದರೆ ಸದಾ ಕೊಟ್ಟಿರುವ ವಿದ್ಯುತ್ ಒತ್ತಡ, ಇರುತ್ತದೆ. ಅದರ ಪ್ಲಗ್ಗನ್ನು ಹಾಕುವ, ತೆಗೆಯುವ ಕೆಲಸವನ್ನು ಮಾಲೀಕರಿಗೇ ಬಿಡಿ. ಕನ್ನಡಕ ಧರಿಸುವವರಾದರೆ ಒಮ್ಮೆ ಅದನ್ನು ತೆಗೆದೂ ಕೇಳಿ, ಏಕೆಂದರೆ ಕಡ್ಡಿಯ ಬಳಿ ಮೆತ್ತೆ ಸರಿಯಾಗಿ ಕೂರದಿದ್ದರೆ ಬೇಸ್ ಸೋರಿಹೋಗುತ್ತದೆ, ದೋಷ ಹೆಡ್‌ಫೋನಿನ ಮೇಲೆ ಬರುತ್ತದೆ.

ಎಲ್ಲವನ್ನೂ ಕೇಳುವ ಆಸೆ ಬೇಡ. ನಾಲ್ಕೈದನ್ನು ಆರಿಸಿ, ಒಂದೊಂದಕ್ಕೂ ಹತ್ತು ನಿಮಿಷ ಕೊಡಿ, ನಡುನಡುವೆ ಹೊರಗೆ ಹೋಗಿ ಕಿವಿಗೆ ಬಿಡುವು ಕೊಡಿ. ಕೂಟದಲ್ಲಿ ಕೇಳಿದ್ದನ್ನು ನಂಬಿ ಯಾವುದನ್ನೂ ಕೊಳ್ಳಬೇಡಿ. ಯಾವುದು ಬೇಡವೆಂದು ಮಾತ್ರ ಅಲ್ಲಿ ನಿಶ್ಚಯಿಸಬಹುದು. ತಲೆಗೆ ಭಾರವಾದದ್ದು, ಕಿವಿಯ ಅಂಚಿಗೆ ತಾಗುವಂಥದ್ದು, ಕಡಿಮೆ ಸದ್ದಿನಲ್ಲೂ ಚುಚ್ಚುವಂಥದ್ದು ಮನೆಯಲ್ಲಿಯೂ ಹಾಗೆಯೇ ಇರುತ್ತದೆ. ಹಿಡಿಸಿದ್ದನ್ನು ಕೆಲವು ದಿನಗಳ ಮಟ್ಟಿಗೆ ಎರವಲು ಕೇಳಿ ನೋಡಿ. ಹವ್ಯಾಸಿಗಳು ಈ ವಿಷಯದಲ್ಲಿ ನೀವೆಣಿಸಿದ್ದಕ್ಕಿಂತ ಉದಾರಿಗಳು.

ಪ್ರಶ್ನೆ: ಕೂಟವೊಂದರಲ್ಲಿ ಯಾರೋ ನನ್ನ ಹೆಡ್‌ಫೋನಿನ ಕೇಬಲ್ಲನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದರು, ಕನೆಕ್ಟರ್ ಮುರಿಯಿತು. ಸಂಘಟಕರು ತಮಗೆ ಸಂಬಂಧವಿಲ್ಲವೆಂದರು. ಇದು ಸರಿಯೇ?

ಉತ್ತರ: ಮೊದಲೇ ಬೇರೆ ಮಾತಾಗಿರದಿದ್ದರೆ, ನನ್ನ ದೃಷ್ಟಿಯಲ್ಲಿ ಸಂಘಟಕರ ಮಾತು ತಪ್ಪಲ್ಲ, ಆದರೆ ಆ ಮಾತನ್ನು ಅವರು ಆಹ್ವಾನದಲ್ಲಿಯೇ ಬರೆಯಬೇಕಿತ್ತು. ಮುರಿದವರು ದುರಸ್ತಿಯ ವೆಚ್ಚ ಕೊಡುವುದು, ಯಾರೆಂದು ತಿಳಿಯದಿದ್ದರೆ ಮಾಲೀಕರೇ ಭರಿಸುವುದು ಎಂಬುದನ್ನು ಎಲ್ಲರೂ ಒಪ್ಪಿ ಬಂದಿದ್ದರೆ ನಿಮಗೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮುಂದಿನ ಸಲ ಮೂರು ಮೀಟರಿನ ಕೇಬಲ್ಲನ್ನು ಮನೆಯಲ್ಲೇ ಬಿಟ್ಟು ಗಿಡ್ಡನೆಯದನ್ನು ಒಯ್ಯಿರಿ, ಅದು ಮೇಜಿನ ಹಿಂಬದಿಯಿಂದ ಹಾದುಬರುವಂತೆ ಜೋಡಿಸಿ. ನೀವು ಮೇಜಿನ ಬಳಿ ಇಲ್ಲದ ಹೊತ್ತಿನಲ್ಲಿ ಹೆಡ್‌ಫೋನನ್ನು ಅದರ ಪೆಟ್ಟಿಗೆಯೊಳಗಿಟ್ಟು ಹೋಗಿ.